ನಮ್ಮ ಮೋಟಾರ್ ನಾವೇ ತಂದ ಬೆಳಗ್ಗೆ

ಹೋದ ವಾರ ತಿಪಟೂರಿನ ನನ್ನ ಆಫೀಸಿಗೆ ಒಬ್ಬ ಹುಡುಗ ಬಂದಿದ್ದ. ಬೈಕ್ ರಿಪೇರಿಗೆ ಬಿಟ್ಟಿದ್ದಾನೆ. ಬಿಲ್ ಜಾಸ್ತಿ ಹಾಕಿದ್ದಾರೆ ಅಂತ ಗ್ಯಾರೇಜಿನವರ ಜೊತೆ ಜಗಳ ಆಗಿದೆ. "ಮೇಡಂ, ಇನ್ನೊಂದು ಕೀ ನನ್ನ ಹತ್ರ ಇದೆ. ರಾತ್ರಿ ಹೋಗಿ ತಂದುಬಿಡ್ಲಾ? ನನ್ನ ಬೈಕ್ ಅಲ್ವಾ, ಅದು ಹೆಂಗೆ ಕಳ್ಳತನ ಆಗುತ್ತೆ?"

ಇದೇ ಮಾತನ್ನು ನಾನೂ ಆಡಿದ್ದೆ. 2011ರಲ್ಲಿ, ನಮ್ಮನೆ ಜಗಲಿ ಮೇಲೆ ನಿಂತು.

ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ಅಪ್ಪ ವೈಂಡಿಂಗ್ ಅಂಗಡಿಗೆ ಹಾಕಿ ಬಂದರು. ನಾಲ್ಕು ದಿನಕ್ಕೆ ಕೆಲಸ ಮುಗಿಯಿತು, ಬಿಲ್ 4,800 ರೂಪಾಯಿ. ಅಪ್ಪನ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಅಟ್ಟದ ಮೇಲಿದ್ದ ಕೊಬ್ಬರಿ ಇನ್ನೂ ಮಾರಿರಲಿಲ್ಲ. ತೋಟದಲ್ಲಿ ಹೊಸದಾಗಿ ಇಟ್ಟ ಸಸಿಗಳು ಒಣಗುತ್ತಿದ್ದವು. ಅಂಗಡಿಯವರು ದುಡ್ಡು ಕೊಡದೆ ಮೋಟಾರ್ ಕೊಡಲ್ಲ ಅಂದರು. ಮಾರನೇ ದಿನ ಬೆಳಗಿನ ಜಾವ ಅಪ್ಪ, ನಮ್ಮ ತೋಟದ ಆಳು ಇಬ್ಬರೂ ಲಗೇಜ್ ಆಟೋದಲ್ಲಿ ಹೋಗಿ, ಅಂಗಡಿ ಹಿಂದಿನ ಶೆಡ್ಡಿನಿಂದ ಮೋಟಾರ್ ಎತ್ತಿಕೊಂಡು ಬಂದರು.

ಸಂಜೆ ಅಂಗಡಿಯವರು ಮನೆಗೆ ಬಂದರು. ಕೂಗಾಡಲಿಲ್ಲ. "ಯಜಮಾನ್ರೇ, ಇದನ್ನ ಏನಂತ ಕರೀತಾರೆ ಗೊತ್ತಾ?" ಅಂದರಷ್ಟೇ. ನಾನು ಆಗ ಲಾ ಎರಡನೇ ವರ್ಷ. "ನಮ್ಮ ವಸ್ತು ನಾವು ತಂದಿದ್ದೀವಿ, ಅದು ಕಳ್ಳತನ ಅಲ್ಲ" ಅಂತ ಅವರ ಮುಖಕ್ಕೇ ಹೇಳಿದೆ.

ರಾತ್ರಿ ಭಾರತೀಯ ದಂಡ ಸಂಹಿತೆಯಲ್ಲಿ ಕಳವು ಅಂದರೇನು ಅಂತ ಹೇಳುವ 378ನೇ ಕಲಂ ತೆಗೆದು ಕೂತೆ. ಅದರಲ್ಲಿ 'ಮಾಲೀಕ' ಅನ್ನೋದಕ್ಕಿಂತ 'ಸ್ವಾಧೀನ' ಅನ್ನೋದೇ ಮುಖ್ಯ. ವಸ್ತು ಯಾರದ್ದು ಅಂತ ಕಾನೂನು ಮೊದಲು ಕೇಳುವುದಿಲ್ಲ. ಯಾರ ವಶದಲ್ಲಿತ್ತು ಅಂತ ಕೇಳುತ್ತದೆ. ಅವರ ಒಪ್ಪಿಗೆ ಇತ್ತಾ? ಇಲ್ಲ. ಅದು ಚರ ಸ್ವತ್ತಾ, ಅಂದರೆ ಎತ್ತಿ ಒಯ್ಯಬಹುದಾದ ವಸ್ತುವಾ? ಹೌದು. (ಮರದಲ್ಲಿರುವ ತೆಂಗಿನಕಾಯಿ ಚರ ಸ್ವತ್ತಲ್ಲ, ನೆಲಕ್ಕೆ ಅಂಟಿಕೊಂಡಿದ್ದು. ಕಿತ್ತ ಕ್ಷಣದಿಂದ ಅದನ್ನು ಕದಿಯಬಹುದು. ನಮ್ಮ ಕಡೆಯವರು ತಿಳಿದಿರಬೇಕಾದ ವಿಷಯ ಇದು.) ಇದ್ದ ಜಾಗದಿಂದ ಜರುಗಿಸಿದರಾ? ಜರುಗಿಸಿದರು. ಮನೆ ಮುಟ್ಟಬೇಕು ಅಂತೇನಿಲ್ಲ, ಶೆಡ್ಡಿನಲ್ಲಿ ಎತ್ತಿದಾಗಲೇ ಸಾಕು.

ಉಳಿದಿದ್ದು ಅಪ್ರಾಮಾಣಿಕ ಉದ್ದೇಶ. ಇಲ್ಲಾದರೂ ಅಪ್ಪ ಪಾರಾಗುತ್ತಾರೆ ಅಂದುಕೊಂಡೆ. ಆದರೆ ಆ ಕಲಮಿನ ಕೆಳಗೆ ಒಂದು ಉದಾಹರಣೆ ಇದೆ. ಒಬ್ಬ ತನ್ನ ಗಡಿಯಾರವನ್ನು ರಿಪೇರಿಗೆ ಕೊಟ್ಟಿದ್ದಾನೆ. ರಿಪೇರಿಯ ಬಾಕಿಗೆ ಆಧಾರವಾಗಿ ಅಂಗಡಿಯವನು ಅದನ್ನು ಇಟ್ಟುಕೊಂಡಿದ್ದಾನೆ. ಆ ಆಧಾರ ತಪ್ಪಿಸೋಕೆ ಅಂತಲೇ ಇವನು ಗಡಿಯಾರ ತೆಗೆದುಕೊಂಡು ಹೋದರೆ ಅದು ಕಳವು. ಅದರ ಹಿಂದಿನ ಉದಾಹರಣೆಯಲ್ಲಿ ಬಾಕಿ ಏನೂ ಇಲ್ಲ, ಹಾಗಾಗಿ ಅಂಗಡಿಯವನ ಕೈಯಿಂದ ಕಿತ್ತುಕೊಂಡು ಹೋದರೂ ಕಳವಲ್ಲ. ಬೇರೆ ಅಪರಾಧ ಆಗಬಹುದು ಅಷ್ಟೇ. ಎರಡಕ್ಕೂ ಇರೋ ವ್ಯತ್ಯಾಸ ಬಾಕಿ ಇರುವ ಒಂದು ಬಿಲ್ ಅಷ್ಟೇ. ಗಡಿಯಾರ ಅಂತ ಇದ್ದ ಕಡೆಯೆಲ್ಲ ನನಗೆ ಮೋಟಾರ್ ಅಂತಲೇ ಕಾಣಿಸಿತು.

"ಕೊಬ್ಬರಿ ಮಾರಿದ ಮೇಲೆ ಕೊಡ್ತಿದ್ದೆ ಕಣಮ್ಮ, ತಿನ್ನೋ ಯೋಚನೆ ಇರಲಿಲ್ಲ" ಅಂದರು ಅಪ್ಪ. ಅದು ನಿಜ. ಅವರು ಯಾರ ದುಡ್ಡನ್ನೂ ತಿಂದವರಲ್ಲ. ಆದರೆ ಪ್ಯಾರೆ ಲಾಲ್ ಭಾರ್ಗವ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿಬಿಟ್ಟಿದೆ. ಅಲ್ಲಿ ಒಬ್ಬ ಅಧಿಕಾರಿ ಸರ್ಕಾರಿ ಫೈಲನ್ನು ಕಚೇರಿಯಿಂದ ಹೊರಗೆ ಒಯ್ದು, ಬೇರೆಯವರಿಗೆ ಕೊಟ್ಟು, ಆಮೇಲೆ ವಾಪಸ್ ತಂದಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಒಯ್ದರೂ ಕಳವೇ ಅಂತ ತೀರ್ಪು ಬಂತು. ಶಾಶ್ವತವಾಗಿ ಕಿತ್ತುಕೊಳ್ಳಬೇಕು ಅಂತಿಲ್ಲ. ಬಿಲ್ಲೇ ತಪ್ಪು, ನಾನು ಕೊಡಬೇಕಾದ್ದು ಏನೂ ಇಲ್ಲ ಅಂತ ಅಪ್ಪ ನಿಜವಾಗಿ ನಂಬಿದ್ದರೆ ಮಾತು ಬೇರೆ ಇತ್ತು. ಅವರು ಹಾಗೆ ನಂಬಿರಲಿಲ್ಲ. ಕತ್ತಲಲ್ಲಿ ಹೋಗಿದ್ದರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿಯವರು ನಾಲ್ಕು ದಿನ ಕೂತು ತಂತಿ ಸುತ್ತಿದ್ದರು. ಆ ಕೂಲಿಗೆ ಅವರ ಹತ್ತಿರ ಇದ್ದ ಆಧಾರ ಆ ಮೋಟಾರ್ ಒಂದೇ. ಅದನ್ನೇ ನಾವು ಎತ್ತಿಕೊಂಡು ಬಂದಿದ್ದೆವು.

ಬೆಳಗ್ಗೆ ಅಮ್ಮ ಸಂಘದಲ್ಲಿ ಸಾಲ ತಂದರು. ಅಪ್ಪನ ಜೊತೆ ನಾನೂ ಅಂಗಡಿಗೆ ಹೋದೆ. ದುಡ್ಡು ಕೊಟ್ಟು, ನಾನು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವರು ಪೊಲೀಸರಿಗೆ ದೂರು ಕೊಡಲೇ ಇಲ್ಲ.

2024ರ ಜುಲೈ 1ರಿಂದ 378 ಹೋಗಿ, ಭಾರತೀಯ ನ್ಯಾಯ ಸಂಹಿತೆಯ 303 ಬಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲ, ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಇದು ಒಳ್ಳೆಯ ಬದಲಾವಣೆ ಅಂತ ನನ್ನ ಅನಿಸಿಕೆ. ಆದರೆ ಕಳವು ಅಂದರೇನು ಅನ್ನೋದು ಬದಲಾಗಿಲ್ಲ. ಗಡಿಯಾರದವನೂ ಅಲ್ಲೇ ಇದ್ದಾನೆ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಆಕ್ಷೇಪ ಇದೆ ಅಂತ ಬರೆದುಕೊಟ್ಟು ದುಡ್ಡು ಕಟ್ಟು, ರಸೀದಿ ಇಸ್ಕೋ, ಬೈಕ್ ತಗೊಂಡು ಬಾ, ಬಿಲ್ ಜಾಸ್ತಿ ಅನ್ನೋದನ್ನ ಗ್ರಾಹಕರ ಆಯೋಗದಲ್ಲಿ ಕೇಳೋಣ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಜೇಬಿನಿಂದ ಆ ಇನ್ನೊಂದು ಕೀ ತೆಗೆದು ನನ್ನ ಮೇಜಿನ ಮೇಲಿಟ್ಟು, "ನಾಳೆವರೆಗೂ ಇದು ನಿಮ್ಮ ಹತ್ರಾನೇ ಇರಲಿ ಮೇಡಂ" ಅಂದ.