ಬಡತನದ ವ್ರತ ತೊಟ್ಟವರ ಮಠ ಸಿರಿವಂತವಾದದ್ದು ಹೇಗೆ?

ಮಧ್ಯಯುಗದ ಯುರೋಪಿನಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಸಿಸ್ಟರ್ಸಿಯನ್ ಸಂನ್ಯಾಸಿಗಳ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಬಡತನವನ್ನೇ ವ್ರತವಾಗಿ ತೊಟ್ಟವರ ಮಠಗಳು ನೂರು ವರ್ಷ ತುಂಬುವುದರೊಳಗೆ ಅಷ್ಟು ಸಿರಿವಂತವಾದದ್ದು ಹೇಗೆ? ಕೇಳುವವರ ದನಿಯಲ್ಲಿ, ಎಲ್ಲ ಬೂಟಾಟಿಕೆ ಎಂಬ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಅವರಿಗೆ ಸಿರಿ ಬಂದದ್ದು ಬಹುಮಟ್ಟಿಗೆ ನಿಯಮವನ್ನು ಪಾಲಿಸಿದ್ದರಿಂದಲೇ.

1098ರಲ್ಲಿ ಮೊಲೆಮ್ ಮಠದ ಅಧಿಪತಿ ರಾಬರ್ಟ್, ತನ್ನ ಮಠ ಸುಖಕ್ಕೆ ಒಗ್ಗಿಹೋಯಿತೆಂದು ಬೇಸತ್ತು, ಕೆಲವು ಸಂಗಡಿಗರೊಂದಿಗೆ ಫ್ರಾನ್ಸಿನ ಬರ್ಗಂಡಿಯ ಸಿತೋ ಎಂಬ ಜವುಗು ಕಾಡಿಗೆ ಬಂದ. ಪಂಥಕ್ಕೆ ಹೆಸರು ಬಂದದ್ದು ಈ ಜಾಗದಿಂದಲೇ. ಮಠವಾಸಿಗಳ ಬದುಕಿಗೆಂದು ಸಂತ ಬೆನೆಡಿಕ್ಟ್ ಬರೆದ ನಿಯಮವನ್ನು ಅಕ್ಷರಶಃ ಪಾಲಿಸುವುದು ಅವರ ಹಟವಾಗಿತ್ತು. ಮರುವರ್ಷವೇ ರಾಬರ್ಟ್ ಹಳೆಯ ಮಠಕ್ಕೆ ಮರಳಬೇಕಾಯಿತು. ಆಲ್ಬೆರಿಕ್ ಮತ್ತು ಇಂಗ್ಲೆಂಡಿನ ಸ್ಟೀಫನ್ ಹಾರ್ಡಿಂಗ್ ಕೆಲಸ ಮುಂದುವರಿಸಿದರು. 1115ರಲ್ಲಿ ಕ್ಲೇರ್ವೋ ಮಠ ಕಟ್ಟಿದ ಬರ್ನಾರ್ಡ್ 1153ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಈ ಪಂಥದ ಮಠಗಳು ಮುನ್ನೂರನ್ನು ದಾಟಿದ್ದವು.

ಇನ್ನು ಅವರ ಕಟ್ಟುಪಾಡುಗಳನ್ನು ನೋಡಿ. ಊರಿನಿಂದ ದೂರವಿರಬೇಕು, ಒಕ್ಕಲುಗಳಿಂದ ಗೇಣಿ ತಿನ್ನಬಾರದು, ಬೆಳೆಯ ಹತ್ತನೆಯ ಒಂದು ಪಾಲಾಗಿ ಜನ ಚರ್ಚಿಗೆ ತೆರುತ್ತಿದ್ದ ದಶಾಂಶವನ್ನೂ ಮುಟ್ಟಬಾರದು, ಮಾಂಸವಿಲ್ಲ, ಬಣ್ಣ ಹಾಕದ ಉಣ್ಣೆಯ ಬಟ್ಟೆ, ಬಂಗಾರವಿಲ್ಲದ ಚರ್ಚು. ಯಾರಿಗೂ ಬೇಡದ ಭೂಮಿಯನ್ನು ದಾನಿಗಳು ಧಾರಾಳವಾಗಿ ಕೊಟ್ಟರು. ಗೇಣಿ ಬೇಡವೆಂದ ಮೇಲೆ ಸ್ವಂತ ದುಡಿಮೆಯೇ ಗತಿ. ಸಾಲದ್ದಕ್ಕೆ, ತಾವೇ ಉಳುವ ನೆಲಕ್ಕೆ ದಶಾಂಶ ತೆರಬೇಕಿಲ್ಲವೆಂದು 1132ರಲ್ಲಿ ಪೋಪ್ ಎರಡನೆಯ ಇನ್ನೊಸೆಂಟ್ ವಿನಾಯಿತಿ ಕೊಟ್ಟರು. ಆದಾಯ ಬೆಳೆಯುತ್ತ ಹೋಗಿ ಖರ್ಚಿಗೆ ದಾರಿಯೇ ಇಲ್ಲದಿದ್ದರೆ ಏನಾಗುತ್ತದೆಂದು ಯಾವ ಲೆಕ್ಕಿಗನಾದರೂ ಹೇಳಬಲ್ಲ.

ಆದರೆ ಆ ದುಡಿಮೆ ಯಾರದು? ದಿನಕ್ಕೆ ಹಲವು ಬಾರಿ ಚರ್ಚಿನಲ್ಲಿ ಸೇರಿ ಕೀರ್ತನೆ ಹಾಡುವ ಸಂನ್ಯಾಸಿ ದೂರದ ಹೊಲಗಳಲ್ಲಿ ನಿಲ್ಲಲಾರ. ಅದಕ್ಕಾಗಿ ‘ಕನ್ವರ್ಸಿ’ ಎಂಬ ದುಡಿಯುವ ಸಹೋದರರ ವರ್ಗವನ್ನೇ ಬೆಳೆಸಿದರು. ಅವರೂ ವ್ರತ ತೊಟ್ಟವರೇ. ಆದರೆ ಪುಸ್ತಕ ಇಟ್ಟುಕೊಳ್ಳುವಂತಿರಲಿಲ್ಲ, ಕೆಲವೇ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿದರೆ ಸಾಕಿತ್ತು. ಊಟ, ನಿದ್ದೆ, ಚರ್ಚಿನಲ್ಲಿ ನಿಲ್ಲುವ ಜಾಗ ಎಲ್ಲವೂ ಬೇರೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ 1132ರಲ್ಲಿ ಆರಂಭವಾದ ಫೌಂಟನ್ಸ್ ಮಠದ ಪಶ್ಚಿಮ ಭಾಗದಲ್ಲಿ ಸುಮಾರು 90 ಮೀಟರ್ ಉದ್ದದ ಕಮಾನು ಮಂಟಪವೊಂದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಕೆಳಗೆ ಈ ಸಹೋದರರ ಊಟದ ಸಾಲೆ ಮತ್ತು ಮಠದ ಉಗ್ರಾಣ, ಮೇಲೆ ಅವರು ಮಲಗುವ ಜಾಗ. ಮಠದ ಸಿರಿಯನ್ನು ಕುರಿತು ಪ್ರಶ್ನಿಸುವವರು ಇವರನ್ನು ಮರೆಯುತ್ತಾರೆಂಬುದೇ ನನ್ನ ದೂರು. ಹೊಲಗದ್ದೆಗಳನ್ನು ಒಟ್ಟುಗೂಡಿಸುವ ಭರದಲ್ಲಿ ಮಠಗಳು ಕೆಲವೆಡೆ ಇದ್ದ ಹಳ್ಳಿಗಳನ್ನೇ ಒಕ್ಕಲೆಬ್ಬಿಸಿದ್ದೂ ಉಂಟು. ಏಕಾಂತ ಸಿಗದ ಕಡೆ ಅದನ್ನು ಉಂಟುಮಾಡಿಕೊಂಡರು.

ನಿಯಮ ಸಡಿಲವಾದದ್ದು ಆಮೇಲಿನ ಮಾತು. ಇನ್ನೂ ಕುರಿಯ ಮೈಮೇಲಿದ್ದ ಉಣ್ಣೆಯನ್ನು ಇಟಲಿಯ ವರ್ತಕರಿಗೆ ವರ್ಷಗಟ್ಟಲೆ ಮುಂಚಿತವಾಗಿ ಮಾರಿ ಮುಂಗಡ ಪಡೆದಿದ್ದ ಫೌಂಟನ್ಸ್, 13ನೆಯ ಶತಮಾನದ ಕೊನೆಯಲ್ಲಿ ಕುರಿಗಳಿಗೆ ರೋಗ ಬಡಿದಾಗ ಸಾಲದಲ್ಲಿ ಮುಳುಗಿತು. ದುಡಿಯುವ ಸಹೋದರರಾಗಲು ಬರುವವರೂ ಕಡಿಮೆಯಾಗುತ್ತ ಬಂದರು. 1348ರ ಪ್ಲೇಗ್ ಮಹಾಮಾರಿಯ ನಂತರವಂತೂ ಹೊಲಗಳನ್ನು ಒಕ್ಕಲುಗಳಿಗೆ ಕೊಟ್ಟು, ಸಿತೋದ ಹಿರಿಯರು ಬೇಡವೆಂದಿದ್ದ ಅದೇ ಗೇಣಿಯನ್ನು ಮಠಗಳು ಎಣಿಸಿಕೊಳ್ಳತೊಡಗಿದವು.