ಪ್ಲೇಟಿನಲ್ಲಿ ಗೆದ್ದ ಆಂಟಿಬಾಡಿ ಶ್ವಾಸಕೋಶದಲ್ಲಿ ಯಾಕೆ ಸೋಲುತ್ತದೆ

ಐಪಿಎಫ್ ಅಂದರೆ ಕಾರಣ ಗೊತ್ತಾಗದೆ ಶ್ವಾಸಕೋಶ ನಾರುಗಟ್ಟುವ ಕಾಯಿಲೆ. ಅದಕ್ಕೆ ಅಮೆರಿಕದಲ್ಲಿ 2014ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಪಡೆದ ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡೂ ನುಂಗುವ ಔಷಧಿಗಳು. ಒಂದೇ ಪ್ರೋಟೀನನ್ನು ಹುಡುಕಿ ಅಂಟುವ ಆಂಟಿಬಾಡಿ ಔಷಧಿಗಳ ಕಡೆ ನೋಡಿದರೆ ಸಿಮ್ಟುಝುಮಾಬ್, ಟ್ರಾಲೋಕಿನುಮಾಬ್, ಕಾರ್ಲುಮಾಬ್, ಪ್ಯಾಮ್ರೆವ್ಲುಮಾಬ್ ಸಾಲಾಗಿ ಮಕಾಡೆ ಮಲಗಿವೆ. ಇವು ಗುರಿಗೆ, ಅಂದರೆ ತಡೆಯಬೇಕಾದ ಪ್ರೋಟೀನಿಗೆ, ಅಂಟಲಿಲ್ಲ ಅಂತಲ್ಲ. ಅಂಟಿಸುವುದು ಈ ಕೆಲಸದಲ್ಲಿ ಸುಲಭದ ಭಾಗ.

ಕಾರ್ಲುಮಾಬ್ ಕಥೆಯನ್ನೇ ನೋಡಿ. ಅದರ ಗುರಿ ಸಿಸಿಎಲ್2, ರಕ್ತದ ಮಾನೊಸೈಟ್ ಎಂಬ ಬಿಳಿ ಕಣಗಳನ್ನು ಗಾಯದ ಕಡೆ ಎಳೆಯುವ ಪುಟ್ಟ ಪ್ರೋಟೀನ್. ಒಂಟಿಯಾಗಿದ್ದರೆ ಅದು ರಕ್ತದಿಂದ ಬೇಗ ಖಾಲಿಯಾಗುತ್ತದೆ. ಈ ಔಷಧಿಗಳಂಥ ಐಜಿಜಿ ಬಗೆಯ ಆಂಟಿಬಾಡಿಯ ಅರ್ಧಾಯುಷ್ಯವೋ (ರಕ್ತದಲ್ಲಿ ಅರ್ಧಕ್ಕಿಳಿಯಲು ಬೇಕಾದ ಕಾಲ) ಸುಮಾರು 21 ದಿನ. ಅದರ ಬೆನ್ನೇರಿದ ಸಿಸಿಎಲ್2 ಕೂಡ ಬಹಳ ದಿನ ದೇಹದಲ್ಲೇ ಉಳಿಯುತ್ತದೆ. ಒಟ್ಟು ಪ್ರಮಾಣ ಏರುತ್ತಾ ಹೋಗುತ್ತದೆ, ಹಿಡಿತ ಸ್ವಲ್ಪ ಸಡಿಲವಿದ್ದರೂ ಬಿಡಿ (ಆಂಟಿಬಾಡಿಗೆ ಅಂಟದ) ಸಿಸಿಎಲ್2 ಮತ್ತೆ ಸೋರುತ್ತದೆ. ಐಪಿಎಫ್ ಪ್ರಯೋಗದಲ್ಲಿ ಔಷಧಿ ಕೊಡುತ್ತಿರುವಾಗಲೇ ಬಿಡಿ ಸಿಸಿಎಲ್2 ಮೊದಲಿಗಿಂತ ಮೇಲೆ ಹೋಗಿತ್ತು.

ಇದನ್ನು ಅಳೆಯುವುದರಲ್ಲೂ ಒಂದು ಗುಂಡಿಯಿದೆ. ಸೀರಮ್ ಅನ್ನು ಅಭ್ಯಾಸಬಲದಿಂದ 1:50 ತೆಳುಮಾಡಿ, ಪ್ರೋಟೀನ್ ಅಳೆಯುವ ಎಲೈಸಾ ಪರೀಕ್ಷೆಯ ಪ್ಲೇಟಿಗೆ ಹಾಕಿದರೆ, ಆಂಟಿಬಾಡಿ ಹಿಡಿದಿದ್ದ ಗುರಿ ಪ್ಲೇಟಿನಲ್ಲೇ ಬಿಟ್ಟುಕೊಳ್ಳುತ್ತದೆ, ಬಿಡಿ ಗುರಿಯ ಲೆಕ್ಕ ಸುಳ್ಳುಸುಳ್ಳೇ ಏರುತ್ತದೆ. ಆದಷ್ಟು ಕಡಿಮೆ ತೆಳುಮಾಡಿ, ಸ್ಯಾಂಪಲ್ಲನ್ನು ಗಂಟೆಗಟ್ಟಲೆ ಬಿಡದೆ 10-15 ನಿಮಿಷಕ್ಕೆ ತೊಳೆಯಿರಿ. ಹಿಡಿಯಲು ಬಳಸುವ ಆಂಟಿಬಾಡಿ ನಿಮ್ಮ ಔಷಧಿ ಕೂರುವ ಜಾಗಕ್ಕೇ ಕೂರುವಂಥದ್ದಿರಲಿ. ಇಲ್ಲದಿದ್ದರೆ ನೀವು ಅಳೆಯುವುದು ಒಟ್ಟು ಗುರಿಯನ್ನು.

ಇನ್ನು ಇಲಿಯ ಮೇಲಿನ ಪ್ರಯೋಗ. ಶ್ವಾಸಕೋಶ ನಾರುಗಟ್ಟಿಸಲು ಶ್ವಾಸನಾಳಕ್ಕೆ ಒಂದು ಸಲ ಬ್ಲಿಯೊಮೈಸಿನ್ ಎಂಬ ಔಷಧಿ ಕೊಟ್ಟರೆ ಮೊದಲ ವಾರ ಬರೀ ಉರಿಯೂತ. ನಾರು ಗಟ್ಟಿಯಾಗುವುದು ಎರಡನೇ ವಾರದಿಂದ. ಮೊದಲ ದಿನವೇ ಆಂಟಿಬಾಡಿ ಚುಚ್ಚಿ ಗೆದ್ದವರು ಗೆದ್ದದ್ದು ಉರಿಯೂತದ ಮೇಲೆ. ಔಷಧಿಯನ್ನು 7ರಿಂದ 10ನೇ ದಿನ ಶುರುಮಾಡಿ, 21ರಿಂದ 28ನೇ ದಿನದೊಳಗೆ ಅಳತೆ ಮುಗಿಸಿ. ತಡಮಾಡಿದರೆ ಎಳೆಯ ಇಲಿಗಳಲ್ಲಿ ನಾರು ತಾನಾಗಿಯೇ ಕರಗತೊಡಗುತ್ತದೆ, ಕೀರ್ತಿ ಔಷಧಿಗೆ ಹೋಗುತ್ತದೆ. ಮನುಷ್ಯರ ಆಂಟಿಬಾಡಿಯನ್ನೇ ಚುಚ್ಚಿದ್ದರೆ ಎರಡು ವಾರದೊಳಗೆ ಇಲಿ ಅದರ ವಿರುದ್ಧವೇ ಆಂಟಿಬಾಡಿ ಕಟ್ಟಬಹುದು. ಕೊನೆಯ ದಿನದ ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಎಂದು ನೋಡದ ಪ್ರಯೋಗವನ್ನು ನಂಬಬೇಡಿ.

ನಾರಿನ ಮುಖ್ಯ ಪ್ರೋಟೀನ್ ಕೊಲಾಜೆನ್. ಅದನ್ನು ಅಳೆಯಲು, ಅದರಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಪ್ರೋಲಿನ್ ಅಮೈನೊ ಆಮ್ಲದ ಪರೀಕ್ಷೆಯೇ ವಾಸಿ: 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, 110 ಡಿಗ್ರಿ ಸೆಲ್ಸಿಯಸ್, ರಾತ್ರಿಯಿಡೀ. ಆಮೇಲೆ ಕ್ಲೋರಮಿನ್-ಟಿ, ಬಣ್ಣ ಏಳಿಸುವ ಏರ್ಲಿಕ್ ದ್ರಾವಣ, 60 ಡಿಗ್ರಿಯ ಬಿಸಿ, 560 ನ್ಯಾನೊಮೀಟರ್ ಆಸುಪಾಸಿನಲ್ಲಿ ಓದು. ಮುಚ್ಚಳ ಸಡಿಲವಿದ್ದರೆ ಸ್ಯಾಂಪಲ್ ಒಣಗಿ ಕರಕಲು. ಆಮ್ಲ ಸರಿಯಾಗಿ ಹೋಗದೆ ಉಳಿದರೆ ಪಿಎಚ್ 6ರ ಬಫರ್ ತಡೆಯಲಾರದು, ಬಣ್ಣವೇ ಏಳುವುದಿಲ್ಲ. ಫಲಿತಾಂಶವನ್ನು ಒಂದು ಮಿಲಿಗ್ರಾಂ ಅಂಗಾಂಶಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕೊಡಬೇಡಿ, ಇಡೀ ಶ್ವಾಸಕೋಶದ ಲೆಕ್ಕದಲ್ಲಿ ಕೊಡಿ. ಕಾಯಿಲೆಯ ಶ್ವಾಸಕೋಶ ನೀರು, ಜೀವಕೋಶ ತುಂಬಿ ಭಾರವಾಗಿರುತ್ತದೆ. ಭಾರದಿಂದ ಭಾಗಿಸಿದರೆ ಏರಿಕೆ ಮಾಯ. ಒಂದು ಚೂರು ಕತ್ತರಿಸಿ ಅಳೆಯುವುದೂ ಬೇಡ, ಬ್ಲಿಯೊಮೈಸಿನ್ ಎಲ್ಲೆಡೆ ಸಮನಾಗಿ ಇಳಿದಿರುವುದಿಲ್ಲ.

ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಮಾಡುವ ಪರೀಕ್ಷೆಯ ಬಗ್ಗೆ ಒಂದೇ ಮಾತು: ಆರೋಗ್ಯವಂತ ಶ್ವಾಸಕೋಶದ ಗಡಸುತನ ಕೆಲವೇ ಕಿಲೋಪಾಸ್ಕಲ್, ಪ್ಲಾಸ್ಟಿಕ್ ತಟ್ಟೆಯದ್ದು ಗಿಗಾಪಾಸ್ಕಲ್. ನೀವು ಅವನ್ನು ಕೆರಳಿಸುವ ಟಿಜಿಎಫ್-ಬೀಟಾ ಪ್ರೋಟೀನ್ ಹಾಕುವ ಮೊದಲೇ ಆ ಕೋಶಗಳು ಅರ್ಧ ಕೆರಳಿರುತ್ತವೆ.

ಡೋಸ್ ವಿಷಯಕ್ಕೆ ಬರೋಣ. ನಾರುಗಟ್ಟುವಿಕೆಗೆ ಕೈಜೋಡಿಸುವ ಸಿಟಿಜಿಎಫ್ ಎಂಬ ಪ್ರೋಟೀನನ್ನು ಗುರಿಯಾಗಿಸಿದ ಪ್ಯಾಮ್ರೆವ್ಲುಮಾಬ್ ಅನ್ನು ಮೂರು ವಾರಕ್ಕೊಮ್ಮೆ ಕೆಜಿಗೆ 30 ಮಿಲಿಗ್ರಾಂ ರಕ್ತನಾಳದ ಮೂಲಕ ಕೊಡುತ್ತಿದ್ದರು. 60 ಕೆಜಿಯ ವ್ಯಕ್ತಿಗೆ ಅದು 1,800 ಮಿಲಿಗ್ರಾಂ. ಎಂಎಲ್‌ಗೆ 150 ಮಿಲಿಗ್ರಾಂ ಇರುವ 2 ಎಂಎಲ್ ಚರ್ಮದಡಿಯ ಸಿರಿಂಜಿಗೆ ಹಿಡಿಯುವುದು 300. ಗಾಢತೆ ಇನ್ನೂ ಏರಿಸಿದರೆ ದ್ರಾವಣ ಜೇನಿನಂತಾಗಿ ಸೂಜಿಯಲ್ಲಿ ನಡೆಯುವುದಿಲ್ಲ. 103 ಜನರ ಎರಡನೇ ಹಂತದಲ್ಲಿ ಇದು ಗೆದ್ದಿತು, 356 ಜನರ ಮೂರನೇ ಹಂತದಲ್ಲಿ 2023ರಲ್ಲಿ ಸೋತಿತು.

ತಡೆ ಹೆಚ್ಚಾದರೂ ಕಷ್ಟವೇ. ಮಲಗಿರುವ ಟಿಜಿಎಫ್-ಬೀಟಾವನ್ನು ಎಬ್ಬಿಸುವ ಆಲ್ಫಾ-ವಿ-ಬೀಟಾ-6 ಇಂಟೆಗ್ರಿನ್ ಎಂಬ ಕೋಶದ ಮೇಲ್ಮೈ ಪ್ರೋಟೀನಿನ ವಿರುದ್ಧದ ಆಂಟಿಬಾಡಿ ಬಿಜಿ00011ರ ಪ್ರಯೋಗವನ್ನು ಸುರಕ್ಷತೆಯ ಕಾರಣಕ್ಕೆ 2019ರಲ್ಲಿ ನಿಲ್ಲಿಸಬೇಕಾಯಿತು.

ಹಾಗಾಗಿ ಮನುಷ್ಯರಿಗೆ ಕೊಡುವ ಮುನ್ನ, ಔಷಧಿ ನಾರಿನೊಳಗೆ ಇಳಿಯುತ್ತದೆಯೇ ಎಂದು ನೋಡಿ: ಕಸಿಯ ವೇಳೆ ರೋಗಿಯಿಂದ ತೆಗೆದುಹಾಕಿದ ಶ್ವಾಸಕೋಶಕ್ಕೆ ತಣ್ಣಗಾದರೆ ಗಟ್ಟಿಯಾಗುವ ಬೆಚ್ಚಗಿನ ಅಗರೋಸ್ ತುಂಬಿ, ತಣ್ಣಗಾದ ಮೇಲೆ 300ರಿಂದ 500 ಮೈಕ್ರಾನ್ ಹಾಳೆಗಳಾಗಿ ಕೊಯ್ಯಿರಿ. ಹೊಳೆಯುವ ಬಣ್ಣ ಕಟ್ಟಿದ ನಿಮ್ಮ ಆಂಟಿಬಾಡಿಯನ್ನು ಹಾಕಿ, 24 ಮತ್ತು 72 ಗಂಟೆಗೆ ಅಡ್ಡಕೊಯ್ದು ನೋಡಿ. ಪ್ಲೇಟಿನ ಪಕ್ಕದ ಕುಳಿಯಲ್ಲಿ ಅದೇ ಪ್ರಮಾಣದಲ್ಲಿ ಯಾವ ಗುರಿಗೂ ಅಂಟದ ಐಜಿಜಿ ಇರಲಿ. ಕೊಯ್ದ ಅಂಚಿನಲ್ಲಿ ಮಾತ್ರ ಹೊಳಪಿದ್ದು ನಡುವಿನ ನಾರಿನ ಗಂಟು ಕಪ್ಪಗಿದ್ದರೆ, ಡೋಸ್ ಏರಿಸುವ ಮೊದಲು ಫ್ಯಾಬ್‌ನಂಥ (ಆಂಟಿಬಾಡಿಯ ಅಂಟುವ ತೋಳಷ್ಟೇ ಇರುವ) ಚಿಕ್ಕ ತುಣುಕನ್ನು ಅದೇ ಹಾಳೆಯ ಮೇಲೆ ಹಾಕಿ ನೋಡಿ.