ಈ ಪ್ರಶ್ನೆ ಇಲ್ಲಿಯದಲ್ಲ ಅಂತ ಹೇಳುವ ಕೆಲಸ

ಖಗೋಳದ ಪ್ರಶ್ನೋತ್ತರ ತಾಣವೊಂದರಲ್ಲಿ ವಿಷಯಕ್ಕೆ ಸೇರದ ಪ್ರಶ್ನೆಗಳನ್ನು ಮುಚ್ಚುವ ಮಾಡರೇಟರ್ ಕೆಲಸ ನನ್ನದು. ಸೂರ್ಯಗ್ರಹಣದ ಮಾರನೇ ದಿನ ಬೆಳಿಗ್ಗೆ ಲಾಗಿನ್ ಆದಾಗ ಒಂದು ಪ್ರಶ್ನೆ ಆಗಲೇ ಪಟ್ಟಿಯ ತುದಿಯಲ್ಲಿ ಕೂತಿತ್ತು. ಕೇಳಿದವರು ಹಿಂದಿನ ದಿನ ಫಿಲ್ಟರ್ ಇಲ್ಲದೆ ಸ್ವಲ್ಪ ಹೊತ್ತು ಸೂರ್ಯನನ್ನು ನೋಡಿದ್ದರು. ಈಗ ಓದಲು ಕೂತರೆ ನೋಡುವ ಅಕ್ಷರದ ಮೇಲೇ ಒಂದು ಮಬ್ಬು ಚುಕ್ಕೆ ಬರುತ್ತಿದೆ, ನೋವೇನೂ ಇಲ್ಲ, ಏನು ಮಾಡಲಿ ಅಂತ ಕೇಳಿದ್ದರು. ಕೆಳಗೆ ನಾಲ್ಕು ಉತ್ತರ. ಎಲ್ಲಕ್ಕಿಂತ ಜಾಸ್ತಿ ಮತ ಬಿದ್ದಿದ್ದ ಉತ್ತರ ಹೀಗಿತ್ತು: ನೋವಿಲ್ಲ ಅಂದರೆ ಹೆದರಬೇಡಿ, ಎರಡು ದಿನ ಕಣ್ಣಿಗೆ ವಿಶ್ರಾಂತಿ ಕೊಡಿ, ಸರಿಹೋಗುತ್ತದೆ.

ಅದನ್ನು ಬರೆದವರು ನಮ್ಮಲ್ಲಿ ಎಲ್ಲರೂ ಗೌರವಿಸುವ ಸದಸ್ಯರು. ಗ್ರಹಣದ ನೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಸೆಕೆಂಡ್ ಪೂರ್ಣ ಕತ್ತಲೆ ಇರುತ್ತದೆ ಅಂತೆಲ್ಲ ಲೆಕ್ಕ ಹಾಕಿ ಹೇಳಬಲ್ಲವರು. ಆದರೆ ಅವರು ಕಣ್ಣಿನ ಡಾಕ್ಟರ್ ಅಲ್ಲ. ಮತ ಹಾಕಿದವರೂ ಅಲ್ಲ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದಲ್ಲಿ ನೋವು ತಿಳಿಸುವ ನರಗಳೇ ಇಲ್ಲ. ಸೂರ್ಯನ ಬೆಳಕಿನಿಂದ ಅದು ಸುಟ್ಟರೂ ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಮಾರನೇ ದಿನ, ನೋಟದ ನಡುವೆ ಮಬ್ಬು ಕಾಣಿಸಿಕೊಳ್ಳುತ್ತದೆ. ಅಂದರೆ "ನೋವಿಲ್ಲ" ಅನ್ನುವುದನ್ನೇ ಧೈರ್ಯಕ್ಕೆ ಕಾರಣ ಮಾಡಿದ ಆ ಉತ್ತರ, ಎಲ್ಲಿ ತಪ್ಪಬಾರದೋ ಅಲ್ಲೇ ತಪ್ಪಿತ್ತು.

ನಾನು ಮೊದಲು ಪ್ರಶ್ನೆಯ ಕೆಳಗೆ "ದಯವಿಟ್ಟು ಇವತ್ತೇ ಕಣ್ಣಿನ ಡಾಕ್ಟರ್‌ಗೆ ತೋರಿಸಿ, ಇಲ್ಲಿನ ಉತ್ತರಗಳಿಗೆ ಕಾಯಬೇಡಿ" ಅಂತ ಬರೆದೆ. ಆಮೇಲೆ ಹೊಸ ಉತ್ತರ ಬರದ ಹಾಗೆ ಪ್ರಶ್ನೆಯನ್ನು ಕ್ಲೋಸ್ ಮಾಡಿದೆ. ಉತ್ತರಗಳನ್ನು ತೆಗೆದೆ. ಒಂದು ಗಂಟೆಯೊಳಗೆ ನನಗೆ ಬೈಗುಳ ಶುರುವಾಯಿತು. ಕಷ್ಟದಲ್ಲಿರುವವರು ಸಹಾಯ ಕೇಳಿದರೆ "ಇದು ಖಗೋಳದ ಪ್ರಶ್ನೆ ಅಲ್ಲ" ಅಂತ ನಿಯಮ ತೋರಿಸುತ್ತೀರಲ್ಲ, ಮನುಷ್ಯತ್ವ ಇಲ್ವಾ ಅಂತ ಒಬ್ಬರು ಕೇಳಿದರು.

ಆ ಮಾತು ಚುಚ್ಚಿತು. ಆದರೆ ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗಲೇ ಈ ಕೆಲಸ ಯಾಕೆ ಮಾಡುತ್ತೇನೆ ಅನ್ನುವುದು ನನಗೇ ಸರಿಯಾಗಿ ಅರ್ಥವಾಗಿದ್ದು. ಅದಕ್ಕಿಂತ ಮೊದಲು, ವಿಷಯದಾಚೆಯ ಪ್ರಶ್ನೆಗಳನ್ನು ಮುಚ್ಚುವುದು ಅಂದರೆ ಮನೆ ಗುಡಿಸಿದ ಹಾಗೆ, ಜಾಗ ಚೊಕ್ಕಟವಾಗಿರಲಿ ಅಂತ ಮಾಡುವ ಕೆಲಸ ಅಂದುಕೊಂಡಿದ್ದೆ. ಹಾಗಲ್ಲ. ಪ್ರಶ್ನೋತ್ತರದ ಜಾಗದಲ್ಲಿ ಒಳ್ಳೆಯ ಉತ್ತರ ಮೇಲೆ ಬರುವುದು ಮತಗಳಿಂದ. ಮತ ಹಾಕುವವರಿಗೆ ವಿಷಯ ಗೊತ್ತಿದ್ದರೆ ಮಾತ್ರ ಆ ಮತಕ್ಕೆ ಅರ್ಥ. ವಿಷಯ ಗೊತ್ತಿಲ್ಲದ ಜಾಗದಲ್ಲಿ ಧೈರ್ಯವಾಗಿ, ಚೆನ್ನಾಗಿ ಬರೆದದ್ದು ಮೇಲೆ ಬರುತ್ತದೆ. ಸರಿಯಾದದ್ದೇ ಬರಬೇಕು ಅಂತೇನಿಲ್ಲ. ಓದುವವರಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತದೆ: ಅದೇ ಪುಟ, ಅದೇ ಹಸಿರು ಟಿಕ್ ಗುರುತು, ಅದೇ ನೂರಾರು ಮತ. ಹಾಗಾಗಿ ಈಗ ಒಂದು ಪ್ರಶ್ನೆ ಇಲ್ಲಿಗೆ ಸೇರಿದ್ದೋ ಅಲ್ಲವೋ ಅಂತ ಅನುಮಾನ ಬಂದಾಗ ನಾನು ಕೇಳಿಕೊಳ್ಳುವುದು ಇಷ್ಟೇ. ಇದಕ್ಕೆ ತಪ್ಪು ಉತ್ತರ ಬಂದರೆ, ಅದು ತಪ್ಪು ಅಂತ ಗುರುತಿಸಬಲ್ಲವರು ಇಲ್ಲಿ ಇದ್ದಾರಾ?

ಈ ಒಂದು ಪ್ರಶ್ನೆ ಎಷ್ಟೋ ಜಗಳಗಳನ್ನು ಬಗೆಹರಿಸುತ್ತದೆ. ಯಾವುದನ್ನೂ ತಡೆಯದ ಜಾಗ ಹೇಗಿರುತ್ತದೆ ಅಂತ ನಾವೆಲ್ಲ ನೋಡಿದ್ದೇವೆ. ಯಾಹೂ ಆನ್ಸರ್ಸ್ 2005ರಲ್ಲಿ ಶುರುವಾಗಿ 2021ರ ಮೇ ತಿಂಗಳಲ್ಲಿ ಮುಚ್ಚಿತು. ಅಲ್ಲಿ ಏನನ್ನು ಬೇಕಾದರೂ ಕೇಳಬಹುದಿತ್ತು, ಯಾರು ಬೇಕಾದರೂ ಉತ್ತರಿಸಬಹುದಿತ್ತು. ಓದಲು ಮಜವಾಗಿತ್ತು. ಆದರೆ ಗಂಭೀರ ವಿಷಯಕ್ಕೆ ಅಲ್ಲಿನ ಉತ್ತರ ನಂಬಿ ಯಾರಾದರೂ ನಡೆದುಕೊಳ್ಳುತ್ತಿದ್ದರಾ? 2008ರಲ್ಲಿ ಬಂದ ಸ್ಟ್ಯಾಕ್ ಓವರ್‌ಫ್ಲೋ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಪ್ರೋಗ್ರಾಮಿಂಗ್ ಮಾತ್ರ, ಅದರಲ್ಲೂ ಉತ್ತರಿಸಬಹುದಾದ ಪ್ರಶ್ನೆ ಮಾತ್ರ. ಯಾವ ಪುಸ್ತಕ ಓದಲಿ, ಯಾವ ಟೂಲ್ ಒಳ್ಳೆಯದು ಅಂತ ಕೇಳಿದರೂ ಅಲ್ಲಿ ವಿಷಯದಾಚೆ. ಕ್ಲೋಸ್ ಮಾಡಲು ಮತ ಹಾಕಬೇಕಾದರೆ 3,000 ಅಂಕ ಗಳಿಸಿರಬೇಕು. ಮೊದಲು 5 ಜನ ಒಪ್ಪಬೇಕಿತ್ತು, 2019ರಲ್ಲಿ ಅದನ್ನು 3ಕ್ಕೆ ಇಳಿಸಿದರು, ಯಾಕೆಂದರೆ ಪರಿಶೀಲನೆಗೆ ಕಾದು ಕೂತ ಪ್ರಶ್ನೆಗಳ ಸಾಲು ಕರಗುತ್ತಲೇ ಇರಲಿಲ್ಲ. ಅಲ್ಲಿ ಹೊಸಬರಿಗೆ ಒರಟಾಗಿ ನಡೆದುಕೊಳ್ಳುತ್ತಾರೆ ಅನ್ನುವ ದೂರು ಎಷ್ಟು ಜೋರಾಯಿತು ಅಂದರೆ 2018ರಲ್ಲಿ ಆ ಕಂಪನಿಯೇ ನಾವು ಹೊಸಬರನ್ನು ಚೆನ್ನಾಗಿ ಬರಮಾಡಿಕೊಳ್ಳುತ್ತಿಲ್ಲ ಅಂತ ಬಹಿರಂಗವಾಗಿ ಬರೆದುಕೊಂಡಿತು. ಗಡಿ ಹಾಕಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಗಡಿಯಲ್ಲಿ ನಿಂತವರು ಮಾತಾಡಿದ ರೀತಿ ತಪ್ಪು.

ನಮ್ಮದು ಖಗೋಳದ ಪ್ರಶ್ನೋತ್ತರ ಸಮುದಾಯ. ಇಲ್ಲಿಗೆ ಬರುವ ವಿಷಯದಾಚೆಯ ಪ್ರಶ್ನೆಗಳಲ್ಲಿ ಜ್ಯೋತಿಷ ದೊಡ್ಡ ಪಾಲು. ಇಂಗ್ಲಿಷ್‌ನಲ್ಲಿ ಎರಡೂ ಹೆಸರು ಹತ್ತಿರ (ಆಸ್ಟ್ರಾನಮಿ, ಆಸ್ಟ್ರಾಲಜಿ), ಎರಡರಲ್ಲೂ ಗ್ರಹ ಇದೆ, ರಾಶಿ ಇದೆ. ಕೇಳುವವರು ಕುಚೇಷ್ಟೆಗೆ ಕೇಳುವುದಿಲ್ಲ. ಕೆಲಸ ಸಿಕ್ಕಿಲ್ಲ, ಮದುವೆ ಮುರಿದಿದೆ, ಮಗು ಹುಷಾರಿಲ್ಲ, ಶನಿ ಯಾವಾಗ ಬಿಡುತ್ತಾನೆ ಅಂತ ಕೇಳುತ್ತಾರೆ. ಇದಕ್ಕೆ ಕೆಲವು ಸದಸ್ಯರು ಜ್ಯೋತಿಷ ಸುಳ್ಳು ಅಂತ ಒಂದು ಪುಟ ಭಾಷಣ ಬರೆದು, ನಗುವ ಇಮೋಜಿ ಹಾಕಿ ಹೋಗುತ್ತಾರೆ. ನಾನು ಆ ಕಾಮೆಂಟ್‌ಗಳನ್ನು ಪ್ರಶ್ನೆಗಿಂತ ಮೊದಲು ತೆಗೆಯುತ್ತೇನೆ. ಮಗು ಹುಷಾರಿಲ್ಲದ ತಾಯಿಗೆ ಆ ಹೊತ್ತಿನಲ್ಲಿ ವಿಜ್ಞಾನದ ಪಾಠ ಬೇಕಾಗಿಲ್ಲ, ನಗೆಯಂತೂ ಬೇಡವೇ ಬೇಡ. "ಇಲ್ಲಿ ಆಕಾಶಕಾಯಗಳ ಚಲನೆ, ಸ್ವಭಾವದ ಬಗ್ಗೆ ಮಾತ್ರ ಉತ್ತರಿಸುತ್ತೇವೆ, ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ತಿಳಿವಳಿಕೆ ನಮಗಿಲ್ಲ" ಅಂತ ಎರಡು ಸಾಲು ಬರೆದು ಮುಚ್ಚುತ್ತೇನೆ. ಅದು ನಿಜವೂ ಹೌದು.

ಇನ್ನು ಯಾವ ಟೆಲಿಸ್ಕೋಪ್ ಕೊಳ್ಳಲಿ ಅನ್ನುವವರು. ಮಾಡೆಲ್‌ಗಳು ಬದಲಾಗುತ್ತಲೇ ಇರುತ್ತವೆ, ಎರಡು ವರ್ಷಕ್ಕೆ ಉತ್ತರ ಹಳಸುತ್ತದೆ. ಅದಕ್ಕೆ ಬದಲು 70 ಮಿಲಿಮೀಟರ್ ಮಸೂರದಲ್ಲಿ ಶನಿಯ ಬಳೆ ಕಾಣುತ್ತದಾ ಅಂತ ಕೇಳಿ ಅನ್ನುತ್ತೇವೆ. ಆ ಉತ್ತರ ಹಳಸುವುದಿಲ್ಲ. ಕಾಣುತ್ತದೆ ಅಂತಲೂ ಹೇಳಿಬಿಡುತ್ತೇನೆ, ಚಿಕ್ಕದಾಗಿ, ಆದರೆ ಸ್ಪಷ್ಟವಾಗಿ.

ಐನ್‌ಸ್ಟೈನ್ ತಪ್ಪು ಅಂತ ತೋರಿಸುವ ಹೊಸ ಸಿದ್ಧಾಂತ ತಂದು ಹಾಕುವವರದ್ದು ಬೇರೆ ಕಥೆ. ಪ್ರಶ್ನೆಯ ವೇಷದಲ್ಲಿ ಬರುತ್ತದೆ, ಕೊನೆಯಲ್ಲಿ "ಇದು ಸರಿ ಅಲ್ವಾ?" ಅಂತ ಇರುತ್ತದೆ. ಮುಚ್ಚಿದರೆ ಹತ್ತು ಇಮೇಲ್ ಬರುತ್ತದೆ. ಇಲ್ಲಿ ನಾನು ಜಾಸ್ತಿ ಮಾತಾಡುವುದಿಲ್ಲ.

ವಿಷಯದಾಚೆ ಅಲ್ಲದಿದ್ದರೂ ಹಾಗೆ ತಳ್ಳಿಹಾಕಿಸಿಕೊಳ್ಳುವ ಪ್ರಶ್ನೆಗಳೂ ಇವೆ. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್‌ನಲ್ಲಿ ಇಂಟರ್ನೆಟ್ ಕೊಡುವ 60 ಸ್ಟಾರ್‌ಲಿಂಕ್ ಉಪಗ್ರಹಗಳು ಹಾರಿದವು. ಅಂದಿನಿಂದ "ಆಕಾಶದಲ್ಲಿ ದೀಪಗಳ ಸಾಲು ಹೋಯಿತು, ಏನದು" ಅನ್ನುವ ಪ್ರಶ್ನೆ ನಿಂತೇ ಇಲ್ಲ. ಬೇಸತ್ತ ಹಳಬರು ಇದನ್ನೂ ಆಫ್ ಟಾಪಿಕ್ (ವಿಷಯದಾಚೆ) ಅಂತ ಫ್ಲ್ಯಾಗ್ ಮಾಡುತ್ತಾರೆ, ಅಂದರೆ ನಮ್ಮ ಗಮನಕ್ಕೆ ಗುರುತು ಹಾಕುತ್ತಾರೆ. ಅಲ್ಲ. ಆಕಾಶ ನೋಡಿ ಏನದು ಅಂತ ಕೇಳುವುದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರದ ಪ್ರಶ್ನೆ ಇನ್ನೊಂದಿಲ್ಲ! ಅದು ಮೊದಲೇ ಕೇಳಿದ ಪ್ರಶ್ನೆ, ಅಷ್ಟೇ. ಅದನ್ನು ಹಳೆಯ ಉತ್ತರಕ್ಕೆ ಜೋಡಿಸಿದರೆ ಕೇಳಿದವರಿಗೆ ಕೂಡಲೇ ಉತ್ತರ ಸಿಗುತ್ತದೆ. ವಿಷಯದಾಚೆ ಅಂದರೆ ಬರಿಗೈಯಲ್ಲಿ ಹೋಗುತ್ತಾರೆ. ಮುಚ್ಚುವಾಗ ಆರಿಸುವ ಕಾರಣದ ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಒತ್ತುವುದರಲ್ಲಿ ಇಷ್ಟು ವ್ಯತ್ಯಾಸ ಇದೆ.

ನಾನು ಮಾಡಿದ ಒಂದು ತಪ್ಪು ಇಲ್ಲಿ ಹೇಳಲೇಬೇಕು. ಒಬ್ಬರು ಬರೆದಿದ್ದರು: "ನಾನು ಹುಟ್ಟಿದ್ದು ಮಾರ್ಚ್ 25. ಪತ್ರಿಕೆಯ ಪ್ರಕಾರ ನನ್ನದು ಮೇಷ. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಆ ದಿನ ಸೂರ್ಯ ಮೀನದಲ್ಲಿದ್ದಾನೆ. ಯಾವುದು ನಿಜ?" ಆ ದಿನ ಕ್ಯೂನಲ್ಲಿ, ಅಂದರೆ ಪರಿಶೀಲನೆಗೆ ಕಾದ ಸಾಲಿನಲ್ಲಿ, ಮೂವತ್ತು ಪ್ರಶ್ನೆ ಇತ್ತು. ಹುಟ್ಟಿದ ದಿನ, ಮೇಷ, ಪತ್ರಿಕೆ, ಇಷ್ಟು ಕಣ್ಣಿಗೆ ಬಿತ್ತು. ಜ್ಯೋತಿಷ ಅಂತ ಒತ್ತಿ ಮುಂದೆ ಹೋದೆ. ಮಾಡರೇಟರ್ ಮತ ಒಂದೇ ಸಾಕು, ಬೇರೆಯವರು ಒಪ್ಪಬೇಕಾಗಿಲ್ಲ, ಪ್ರಶ್ನೆ ತಕ್ಷಣ ಮುಚ್ಚಿಹೋಗುತ್ತದೆ.

ಅದು ಅಪ್ಪಟ ಖಗೋಳದ ಪ್ರಶ್ನೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೂಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದ ಹಗಲು ರಾತ್ರಿ ಸಮವಾಗಿರುವ ವಿಷುವದ ದಿನ ಸೂರ್ಯ ಇರುವ ಜಾಗ ನಕ್ಷತ್ರಗಳ ಹಿನ್ನೆಲೆಯಲ್ಲಿ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಎರಡು ಸಾವಿರ ವರ್ಷದಲ್ಲಿ ಹತ್ತಿರ ಹತ್ತಿರ ಒಂದು ರಾಶಿಯಷ್ಟು. ಪಾಶ್ಚಾತ್ಯ ಪದ್ಧತಿಯ ತಾರೀಖುಗಳು ವಿಷುವಕ್ಕೆ ಕಟ್ಟಿಕೊಂಡು ಅಲ್ಲೇ ನಿಂತಿವೆ, ನಕ್ಷತ್ರಗಳು ಸರಿದಿವೆ. ಅವರು ಆ್ಯಪ್ ಹಿಡಿದು, ತಾವೇ ಎರಡನ್ನೂ ಹೋಲಿಸಿ, ವ್ಯತ್ಯಾಸ ಹಿಡಿದಿದ್ದರು. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಕೂಡ ಹಳೆಯ ಅಳತೆಗಳ ಪಕ್ಕ ತನ್ನ ಅಳತೆ ಇಟ್ಟು ನೋಡಿಯೇ ಇದನ್ನು ಕಂಡುಹಿಡಿದಿದ್ದು. ಅಂಥ ಪ್ರಶ್ನೆಯನ್ನು ನಾನು ಹತ್ತು ಸೆಕೆಂಡ್‌ನಲ್ಲಿ ಹೊರಗೆ ಹಾಕಿದ್ದೆ.

ಪುಣ್ಯಕ್ಕೆ ಅವರು ಸುಮ್ನೆ ಹೋಗಲಿಲ್ಲ. ಭವಿಷ್ಯ ಕೇಳುತ್ತಿಲ್ಲ, ಸೂರ್ಯ ಎಲ್ಲಿದ್ದಾನೆ ಅಂತ ಕೇಳುತ್ತಿದ್ದೇನೆ ಅಂತ ಸೇರಿಸಿ ತಿದ್ದಿದರು. ಮತ್ತೆ ತೆರೆದೆ, ಕ್ಷಮೆ ಕೇಳಿದೆ. ಅದಕ್ಕೆ ಬಂದ ಒಂದು ಉತ್ತರ ನಮ್ಮಲ್ಲಿ ಇವತ್ತಿಗೂ ಜನ ಹುಡುಕಿಕೊಂಡು ಬಂದು ಓದುವಂಥದ್ದು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1930ರಲ್ಲಿ ಪ್ರಕಟಿಸಿದ 88 ನಕ್ಷತ್ರಪುಂಜಗಳ ಗಡಿ, ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಸೂರ್ಯ ಹನ್ನೆರಡು ರಾಶಿಗಳಲ್ಲಿ ಸೇರದ ಉರಗಧರ ಅನ್ನುವ ಪುಂಜದಲ್ಲಿ ಇರುವುದು, ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಆದರೆ ತಿದ್ದಲು ಬರಬಹುದು ಅಂತ ಗೊತ್ತಿಲ್ಲದೆ, ಮುಚ್ಚಿದ್ದನ್ನು ನೋಡಿ ಹಾಗೇ ಎದ್ದು ಹೋದವರು ಎಷ್ಟು ಜನ ಇರಬಹುದು? ಅವರ ಲೆಕ್ಕ ನಮಗೆ ಯಾವತ್ತೂ ಸಿಗುವುದಿಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಂದಿನಿಂದ ನಾನು ಎರಡು ರೂಢಿ ಬದಲಿಸಿಕೊಂಡೆ. ಶೀರ್ಷಿಕೆಯ ಪದಗಳನ್ನು ನೋಡಿ ಒತ್ತುವುದಿಲ್ಲ, ಕೊನೆಯ ಸಾಲಿನವರೆಗೆ ಓದುತ್ತೇನೆ, ಯಾಕೆಂದರೆ ಹೊಸಬರು ನಿಜವಾದ ಪ್ರಶ್ನೆಯನ್ನು ಬಹಳ ಸಲ ಕೊನೆಯ ಸಾಲಿನಲ್ಲೇ ಇಟ್ಟಿರುತ್ತಾರೆ. ಮತ್ತೆ, ಸಿಸ್ಟಂ ತಾನಾಗಿ ಹಾಕುವ ಸಿದ್ಧ ಸಂದೇಶದ ಮೇಲೆ ಮಾತ್ರ ಬಿಡುವುದಿಲ್ಲ. ಏನು ಬದಲಿಸಿದರೆ ತೆರೆಯಬಹುದು ಅಂತ ಕೈಯಾರೆ ಒಂದು ಸಾಲು ಬರೆಯುತ್ತೇನೆ. ಬದಲಿಸಿದರೂ ತೆರೆಯಲಾಗದ್ದಾದರೆ ಹಾಗೆಂದೂ ಬರೆಯುತ್ತೇನೆ, ಸುಳ್ಳು ಆಸೆ ಹುಟ್ಟಿಸಿ ಮೂರು ಸಲ ತಿದ್ದಿಸುವುದು ಮುಚ್ಚುವುದಕ್ಕಿಂತ ಕ್ರೂರ. ಇದಕ್ಕೆ ಒಂದು ನಿಮಿಷ ಜಾಸ್ತಿ ಬೇಕು. ಮೂವತ್ತು ಪ್ರಶ್ನೆಗೆ ಅರ್ಧ ಗಂಟೆ. ನಾವ್ಯಾರೂ ಸಂಬಳಕ್ಕೆ ಮಾಡುವವರಲ್ಲ, ಆ ಅರ್ಧ ಗಂಟೆ ಮನೆಯ ಸಮಯದಿಂದಲೇ ಬರಬೇಕು. ಆದರೂ ಕೊಡಬೇಕು ಅಂತ ನನ್ನ ಅಭಿಪ್ರಾಯ. ಸಮಯ ಇಲ್ಲದ ದಿನ ಹತ್ತೇ ನೋಡಿ, ಉಳಿದದ್ದು ನಾಳೆಗೆ ಇರಲಿ.

ಬೇರೆ ಸಮುದಾಯಕ್ಕೆ ದಾಟಿಸಬಹುದಲ್ಲ ಅಂತ ಕೇಳುತ್ತಾರೆ. ಕೆಲವೊಮ್ಮೆ ಅದೇ ಸರಿ. ಗಣಿತದವರು ಇದನ್ನು ಚೆನ್ನಾಗಿ ಮಾಡಿದ್ದಾರೆ: 2009ರಲ್ಲಿ ಬಂದ ಮ್ಯಾಥ್‌ಓವರ್‌ಫ್ಲೋ ಸಂಶೋಧನೆಯ ಮಟ್ಟದ ಪ್ರಶ್ನೆಗಳಿಗೆ, ಮರುವರ್ಷ ಬಂದ ಇನ್ನೊಂದು ಜಾಗ ಎಲ್ಲ ಮಟ್ಟದವರಿಗೆ. ಅಲ್ಲಿ ಬೇಡ ಅಂದರೆ ಇಲ್ಲಿಗೆ ಹೋಗಿ ಅಂತ ಹೇಳಲು ನಿಜವಾದ ಒಂದು "ಇಲ್ಲಿ" ಇದೆ. ಆದರೆ ಗೊಂದಲದ ಪ್ರಶ್ನೆಯನ್ನು ಹಾಗೇ ಎತ್ತಿ ಪಕ್ಕದವರ ಅಂಗಳಕ್ಕೆ ಹಾಕಿದರೆ ಅವರೂ ಮುಚ್ಚುತ್ತಾರೆ. ಕೇಳಿದವರಿಗೆ ಎರಡು ಕಡೆ ಅವಮಾನ. ಮೊದಲು ತಿದ್ದಿ, ಆ ಕಡೆಯ ನಿಯಮ ಓದಿ, ಆಮೇಲೆ ದಾಟಿಸಿ.

ಕಣ್ಣಿನ ಪ್ರಶ್ನೆ ಕೇಳಿದವರು ಒಂದು ವಾರದ ಮೇಲೆ ಬಂದು, ಡಾಕ್ಟರ್‌ಗೆ ತೋರಿಸಿದೆ, ಮತ್ತೆ ಬರಲು ಹೇಳಿದ್ದಾರೆ ಅಂತ ಒಂದು ಸಾಲು ಬರೆದರು. ಆ ತಪ್ಪು ಉತ್ತರ ಬರೆದಿದ್ದ ಹಿರಿಯ ಸದಸ್ಯರು ಅದನ್ನು ಓದಿ ನನಗೆ ಖಾಸಗಿಯಾಗಿ ಬರೆದರು, ಅಳಿಸಿದ್ದು ಒಳ್ಳೆಯದಾಯಿತು ಅಂತ. ಅವರು ಈಗ ಕಣ್ಣಿನ ಬಗ್ಗೆ ಏನೇ ಬಂದರೂ ನನಗಿಂತ ಮೊದಲು ಫ್ಲ್ಯಾಗ್ ಮಾಡುತ್ತಾರೆ.

ನಿನ್ನೆ ರಾತ್ರಿ ಕ್ಯೂನಲ್ಲಿ ಒಂದು ಪ್ರಶ್ನೆ ಇತ್ತು, ಜ್ಯೋತಿಷ ಅಂತ ಆಗಲೇ ಎರಡು ಫ್ಲ್ಯಾಗ್ ಬಿದ್ದಿತ್ತು. ಮಗಳು ಹುಟ್ಟಿದ ತಾರೀಖು, ಗಂಟೆ, ಜಾಗ ಕೊಟ್ಟು, ಆ ಹೊತ್ತಿನಲ್ಲಿ ಯಾವ ಗ್ರಹ ಎಲ್ಲಿತ್ತು ಅಂತ ಕೇಳಿದ್ದರು. ಕೊನೆಯವರೆಗೆ ಓದಿದೆ. ಜಾತಕದ ಮಾತಿಲ್ಲ, ಫಲದ ಮಾತಿಲ್ಲ. ಎರಡೂ ಫ್ಲ್ಯಾಗ್ ತಳ್ಳಿಹಾಕಿದೆ, ಶೀರ್ಷಿಕೆಯನ್ನು "ಹಿಂದಿನ ಒಂದು ರಾತ್ರಿಯ ಆಕಾಶವನ್ನು ತಿಳಿಯುವುದು ಹೇಗೆ" ಅಂತ ತಿದ್ದಿದೆ, ಮಗುವಿನ ವಿವರ ಎಲ್ಲರಿಗೂ ಕಾಣಬೇಕಾಗಿಲ್ಲ ಅಂತ ತೆಗೆದೆ. ಬೆಳಿಗ್ಗೆ ಹೊತ್ತಿಗೆ ಒಬ್ಬರು ಸ್ಟೆಲೇರಿಯಂ ಅನ್ನುವ ಉಚಿತ ತಂತ್ರಾಂಶದಲ್ಲಿ ಜಾಗ, ತಾರೀಖು, ಗಂಟೆ ಹೇಗೆ ಹಾಕಬೇಕು ಅಂತ ಹಂತ ಹಂತವಾಗಿ ಬರೆದಿದ್ದರು. ಕೆಳಗೆ ಕೇಳಿದವರ ಕಾಮೆಂಟ್ ಇತ್ತು: ನೋಡಿದೆ, ಗುರು ಆಗಷ್ಟೇ ಹುಟ್ಟುತ್ತಿದ್ದ, ಆ ರಾತ್ರಿ ಆಸ್ಪತ್ರೆಯ ಕಿಟಕಿಯಿಂದ ಬರೀ ಮೋಡ ಕಂಡಿತ್ತು.